ಅಂಗಳದಡಿಯ ತಿರುವು

ಕುಪವಾಡದ ನಮ್ಮ ಮನೆಯ ಅಂಗಳದ ಆಚೆ ಬದಿಗೆ ಹೊಸ ಬಚ್ಚಲು ಕಟ್ಟಿಸಿದೆವು. ಅದರ ನೀರನ್ನು ಅಪ್ಪ ಇದ್ದಾಗ ಹಾಕಿಸಿದ ಹಳೆಯ ಪೈಪಿಗೆ ಸೇರಿಸಬೇಕಿತ್ತು. ಹಳೆ ಬಚ್ಚಲಿಂದ ಗಟಾರದವರೆಗೆ ನೇರ ಗೆರೆ ಎಳೆದು ಪ್ಲಂಬರ್ ಅಂಗಳ ಅಗೆದ. ಬರೀ ಮಣ್ಣು. ನನಗೆ ಸಿಟ್ಟು ನೆತ್ತಿಗೇರಿತು.

ಚಹಾ ತಂದ ಅವ್ವ ಅವನಿಗೆ ಹೇಳಿದಳು: "ಅಲ್ಲಿಲ್ಲಪಾ. ಆಗ ಅಲ್ಲಿ ತುಳಸಿಕಟ್ಟಿ ಇತ್ತು. ಅದರ ಬುಡಕ ಹೊಲಸ ನೀರು ಹರೀಬಾರದಂತ ನಮ್ಮ ಮನಿಯವರು ಪೈಪ್ ಸುತ್ತ ಹಾಕಿ ಒಯ್ದಿದ್ರು."

ಕಟ್ಟೆ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಜಾಗದಲ್ಲಿ ನಾನು ಸ್ಕೂಟರ್ ನಿಲ್ಲಿಸುತ್ತಿದ್ದೆ. ಅವ್ವ ಬರಿಗಾಲಲ್ಲಿ, ಇಲ್ಲದ ಕಟ್ಟೆಗೆ ಪ್ರದಕ್ಷಿಣೆ ಬರುವವಳಂತೆ ನಿಧಾನ ನಡೆದು ಒಂದು ಕಡೆ ನಿಂತಳು. ಅಲ್ಲೇ ಅಗೆದಾಗ ಪೈಪು ಸಿಕ್ಕಿತು. ಹಳೆ ಬಚ್ಚಲಲ್ಲಿ ಒಂದು ಕೊಡ ನೀರು ಸುರಿದೆ. ಅದು ನೆಲದಡಿ ಗುಳುಗುಳು ಎನ್ನುತ್ತ, ನಿದ್ದೆಯಲ್ಲಿ ನಡೆಯುವವರ ಹಾಗೆ, ಆ ಕಟ್ಟೆಯನ್ನು ಸುತ್ತಿಕೊಂಡೇ ಹೋಯಿತು.

"ಈಗ ಕಟ್ಟಿ ಇಲ್ಲಲ್ಲ, ಹೊಸ ಪೈಪ್ ನೆಟ್ಟಗ ಒಯ್ಯಿರಿ," ಎಂದೆ.

ಪ್ಲಂಬರ್ ನನ್ನ ಕಡೆ ನೋಡಲೇ ಇಲ್ಲ. ಅವ್ವನನ್ನು ಕೇಳಿದ: "ಆಯಿ, ಕಟ್ಟಿಯಿಂದ ಎಷ್ಟ ದೂರ ಬಿಡ್ಲಿರಿ?"