ಗುಲಾಬಿ ಟ್ಯೂಬಿನ ಕೆಳಗೆ ಮಗಳು

ಗಂಗಾವತಿಯಲ್ಲಿ ಬಣ್ಣದ ಮೀನು ಮಾರುವ ಅಬ್ದುಲರೌಫನಿಗೆ ಮೀನಿಗಿಂತ ಬೆಳಕಿನ ಮೇಲೆಯೇ ಭರವಸೆ ಹೆಚ್ಚು. ಕಳೆಗುಂದಿದ ಗೋಲ್ಡ್‌ಫಿಶ್ ಕೂಡ ಗುಲಾಬಿ ಟ್ಯೂಬಿನಡಿ ಕೆಂಡದಂತೆ ಕಾಣುತ್ತಿತ್ತು. ರೈಸ್ ಮಿಲ್ಲಿನ ಸಾಹುಕಾರರೊಬ್ಬರ ಮನೆಯ ಉಪ್ಪುನೀರಿನ ಮೀನುತೊಟ್ಟಿಗೆ ನೀಲಿ ದೀಪ ಹಾಕಿಕೊಟ್ಟವನೂ ಅವನೇ. ಬಿಳಿ ಬೆಳಕಿನಲ್ಲಿ ಮಣ್ಣುಬಣ್ಣಕ್ಕಿದ್ದ ಹವಳಗಳು ನೀಲಿಯಲ್ಲಿ ಹಸಿರಾಗಿ ಹೊಳೆದು, ದುಡ್ಡು ದಂಡ ಎಂದು ಗೊಣಗುತ್ತಿದ್ದ ಸಾಹುಕಾರರ ಬಾಯಿ ಮುಚ್ಚಿಸಿದ್ದವು. ಇದರಲ್ಲಿ ಮೋಸವೇನಿದೆ, ಕಣ್ಣಿಗೆ ಹಬ್ಬ ಅಷ್ಟೇ ಎಂಬುದು ಅವನ ಸಮಜಾಯಿಷಿ. ಇರಲಿ ಬಿಡಿ, ಹೊಟ್ಟೆಪಾಡು.

ಆದರೆ ಅಂಗಡಿಯ ನೀಲಿ ದೀಪದ ಮುಂದೆ ಒಮ್ಮೆ ಮಗಳು ನಾಹೀದಾ ನಿಂತಾಗ, ಅವಳ ಕೊರಳಿನ ಬಿಳಿ ಮಚ್ಚೆ ಸುಣ್ಣ ಬಳಿದ ಹಾಗೆ ಎದ್ದು ಕಂಡಿತು. ರೌಫ ತಟ್ಟನೆ ದೀಪ ಆರಿಸಿದ. ತಾಯಿಯಿಲ್ಲದ ಹುಡುಗಿ, ಮದುವೆಯ ವಯಸ್ಸು. ಬಂದ ಎರಡು ಸಂಬಂಧಗಳು ಆ ಮಚ್ಚೆ ನೋಡಿಯೇ ಮುರಿದುಬಿದ್ದಿದ್ದವು. ಅಂದಿನಿಂದ ಅವಳನ್ನು ಅಂಗಡಿಯಲ್ಲಿ ನಿಲ್ಲಗೊಡಲಿಲ್ಲ.

ಈಗ ತಾವರಗೇರಾದಿಂದ ದಾವಲಬೀ ಎಂಬಾಕೆ ಮಗನಿಗೆ ಹೆಣ್ಣು ನೋಡಲು ಬರುತ್ತಾರೆಂದು ಸುದ್ದಿ ಬಂತು. ರೌಫ ಹಿಂದಿನ ದಿನವೇ ಅಂಗಡಿಯ ದೊಡ್ಡ ಮೀನಿನ ತೊಟ್ಟಿಯನ್ನು ಪಡಸಾಲೆಗೆ ತಂದಿಟ್ಟು, ಮೇಲೆ ಗುಲಾಬಿ ಟ್ಯೂಬು ಕಟ್ಟಿ, ಕಿಟಕಿಗೆ ದಪ್ಪ ಪರದೆ ಎಳೆದ. ಆ ಬೆಳಕಿನಲ್ಲಿ ಮಚ್ಚೆ ಮೈಬಣ್ಣದೊಳಗೆ ಕರಗಿಹೋಗುತ್ತಿತ್ತು.

"ಇದ್ಯಾಕಬ್ಬಾ ಇಲ್ಲಿ?" ಎಂದಳು ನಾಹೀದಾ.

"ಮನಿಗೆ ಕಳಾ ಬರ್ತೈತಿ. ನೀ ಇದರ ಬಾಜೂ ಕುಂದ್ರು, ಅಷ್ಟ."

ಮೀನಿನಂಗಡಿಯವನ ಮಗಳಿಗೆ ಆ ಬೆಳಕಿನ ಆಟ ತಿಳಿಯದ್ದೇನಲ್ಲ. ಆದರೂ ಅಪ್ಪನ ಮುಖ ನೋಡಿ ಮರುದಿನ ತೊಟ್ಟಿಯ ಪಕ್ಕವೇ ಕುಳಿತಳು.

ದಾವಲಬೀ ಬಂದರು, ಚಹಾ ಕುಡಿದರು, ಹುಡುಗಿಯ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಹುಬ್ಬು ಗಂಟಿಕ್ಕಿತು.

"ಭಾಯಿ, ಈಕಿ ಕೊರಳಾಗಿನ ಮಚ್ಚಿ ಎಲ್ಲಿ ಹೋತ್ರಿ?"

ರೌಫ ಒಮ್ಮೆ ಟ್ಯೂಬಿನ ಕಡೆ ನೋಡಿದ. "ಮಚ್ಚಿ? ಯಾರ ಹೇಳಿದ್ರಿ ನಿಮಗ?"

"ಯಾರ್ಯಾಕ ಹೇಳಬೇಕ್ರಿ? ಕನಕಗಿರಿ ಮದಿವ್ಯಾಗ ನಾನ ನೋಡೀನಿ. ಹುಡುಗಿ ನಡಿ-ನುಡಿ ಭಾಳ ಛಲೋ ಐತಿ ಅಂತ, ಮಗಗ ಎಲ್ಲಾ ಹೇಳಿ ಒಪ್ಪಿಸೇ ಬಂದೀನಿ."

ನಾಹೀದಾ ಎದ್ದು ಸ್ವಿಚ್ಚು ಆರಿಸಿ ಪರದೆ ಸರಿಸಿದಳು. ಮಧ್ಯಾಹ್ನದ ಬಿಸಿಲು ಒಳಬಂತು. ಮಚ್ಚೆ ಇದ್ದಲ್ಲೇ ಇತ್ತು. ದಾವಲಬೀ ಅದನ್ನು ನೋಡಿದರು, ಆರಿದ ಟ್ಯೂಬನ್ನು ನೋಡಿದರು, ಕೊನೆಗೆ ರೌಫನನ್ನು ನೋಡಿದರು.

"ಮಚ್ಚಿ ಚಿಂತಿ ನಮಗಿರಲಿಲ್ರಿ. ಆದ್ರ ಇದನ್ನ ಮುಚ್ಚಾವ್ರು ಇನ್ನೇನೇನ ಮುಚ್ಚ್ಯಾರೋ ಅಂತ ಮನ್ಯಾಗ ಕೇಳಿದ್ರ, ನಾ ಏನ್ ಹೇಳ್ಲಿ?"

ಒಪ್ಪಿಗೆಯಾದರೆ ಹುಡುಗಿಯ ಬಾಯಿಗೆ ಹಾಕಲೆಂದು ತಂದಿದ್ದ ಸಕ್ಕರೆ ಪೊಟ್ಟಣವನ್ನು ವಾಪಸು ಚೀಲಕ್ಕೆ ಹಾಕಿಕೊಂಡು ಎದ್ದರು. ರೌಫ ತಪ್ಪಾಯಿತೆನ್ನುತ್ತ ಬೀದಿಯವರೆಗೂ ಹಿಂದೆ ಓಡಿದ. ಆಕೆ ತಿರುಗಿ ನೋಡಲಿಲ್ಲ. ಕೈಯಾರೆ ಮಗಳ ಬದುಕು ಕೆಡಿಸಿದೆನೆಂದುಕೊಳ್ಳುತ್ತ ಅವನು ಮನೆಯತ್ತ ಮರಳಿದ.

ಒಳಗೆ ಬಂದಾಗ ನಾಹೀದಾ ಕಪ್ಪು-ಬಸಿ ಎತ್ತುತ್ತಿದ್ದಳು. ಕಣ್ಣು ತುಂಬಿದ್ದವು.

"ನಿನ್ನ ಛಲೋದಕ್ಕ ಮಾಡಿದ್ನಿ, ಬೇಟಾ."

"ಹಿಂದಿನ ಎರಡೂ ಮನಿಯವರು ಬ್ಯಾಡ ಅಂದಾಗ ನಾ ಅತ್ತಿದ್ದಿಲ್ಲಬ್ಬಾ," ಎಂದಳು. "ಅವರು ಹೊರಗಿನವ್ರು."