ಲತೀಶಣ್ಣನ ಕುಶಲಪ್ರಶ್ನೆ

ನರಿಮೊಗರಿನ ಲತೀಶಣ್ಣ ಮದುವೆಮನೆಯಲ್ಲಿ ಸಿಕ್ಕರೂ ಊಟ ಆಯಿತೇ ಎಂದು ಕೇಳುವವರಲ್ಲ. "ಮನೆಯಲ್ಲಿ ಹೆಣ್ಣು ನಾಯಿ ಉಂಟಾ ಮಾರಾಯ್ರೆ? ಆಪರೇಷನ್ ಮಾಡಿಸಿದ್ದೀರಾ?" ಎಂದೇ ಅವರ ಮಾತು ಶುರು. ಒಬ್ಬರ ಮುಖ ಒಬ್ಬರು ನೋಡದಿದ್ದ ಮೂರು ಪ್ರಾಣಿದಯಾ ಸಂಘಗಳನ್ನು ಕಾಡಿಬೇಡಿ, ಪುತ್ತೂರಿನವರ ವ್ಯಾನಿನಲ್ಲಿ ಕಡಬದವರ ಪಂಜರವಿಟ್ಟು, ಸುಳ್ಯದವರ ಡಾಕ್ಟರನ್ನು ಕೂರಿಸಿ, ನಾಯಿಗಳ ಸಂತಾನಹರಣ ಶಿಬಿರ ನಡೆಸಿದವರು ಇವರೇ. ತಮ್ಮನಿಗೆ ಹೆಣ್ಣು ನೋಡಲು ಹೋದಲ್ಲೂ ಆ ಮನೆಯ ನಾಯಿಯನ್ನೇ ಮೊದಲು ನೋಡಿದರಂತೆ. "ಗಂಡು ಮರಿಯಾದರೆ ಕೇಳಿಕೊಂಡು ಬರ್ತಾರೆ. ಹೆಣ್ಣಾದರೆ ಗೋಣಿಯಲ್ಲಿ ಹಾಕಿ ದೂರದ ಪೇಟೆಯಲ್ಲಿ ಬಿಡುದು. ಅದಕ್ಕಿಂತ ಹುಟ್ಟದೆ ಇರುದೇ ಒಳ್ಳೆದಲ್ವಾ?" ಎನ್ನುತ್ತಾರೆ. ಶಿಬಿರದಲ್ಲಿ ಆಪರೇಷನ್ ಆದ ನಾಯಿಗೆ ಎಚ್ಚರವಾಗುವವರೆಗೆ ಅದರ ತಲೆ ಇವರ ತೊಡೆಯ ಮೇಲೆಯೇ. ಇಷ್ಟು ಮಾತಿನ ಮನುಷ್ಯ, ವ್ಯಾನು ಆಲಂಕಾರು ಪೇಟೆ ದಾಟುವಾಗ ಮಾತ್ರ ಬಾಯಿ ಬಿಡುವುದಿಲ್ಲ. ಒಮ್ಮೆ ವ್ಯಾನಿನಲ್ಲಿ ಜೊತೆಗಿದ್ದ ನಾನೇ ಯಾಕೆಂದು ಕೇಳಿದೆ. "ನಮ್ಮ ಮನೆಯ ನಾಯಿದು ಐದು ಹೆಣ್ಣು ಮರಿ. ನಾನೇ ತಂದು ಇಲ್ಲಿ ಬಿಟ್ಟದ್ದು" ಎಂದರು. "ಒಂದು ಮರಿ ಬಸ್ಸಿನ ಹಿಂದೆಯೇ ಓಡಿ ಬಂತು. ಎಲ್ಲಿವರೆಗೆ ಬಂತೋ, ನಾನು ಮತ್ತೆ ತಿರುಗಿ ನೋಡ್ಲಿಲ್ಲ."