ಅಪ್ಪ ಸುತ್ತಿದ ಕೆಳಗಿನ ಕಾಯಿಲ್

ಮಡಕಶಿರದಲ್ಲಿ ನಮ್ಮ ಮನೆಯ ಮುಂಗೋಣೆಯೇ ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಮಾತೆಲ್ಲ ಕನ್ನಡ, ಸುತ್ತು ಎಣಿಸುವುದು ಮಾತ್ರ ತೆಲುಗಿನಲ್ಲಿ. ಕಲಿಸಿದ ಗುರು ಹಾಗೆ ಎಣಿಸುತ್ತಿದ್ದನಂತೆ. ಎಣಿಸುವಾಗ ಯಾರೇ ಕರೆದರೂ ಅಂಕಿಯೇ ಉತ್ತರ. ರಾಯದುರ್ಗದ ಕಡೆಯ ಅಮ್ಮ ನಗುತ್ತಿದ್ದಳು: "ಊಟಕ್ಕ ಬರ್ರಿ ಅಂದ್ರ ನೂಟ ಯಾಭೈ ಅಂತಾರ ನಿಮ್ಮಪ್ಪ. ನೂರೈವತ್ತು ರೊಟ್ಟಿ ಎಲ್ಲಿಂದ ತರ್ಲಿ?"

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಆ ಅಂಗಡಿಯ ಬೆಂಚಿನ ಮೇಲೆ ಓದಿಯೇ ನ್ಯೂಕ್ಲಿಯರ್ ಭೌತಶಾಸ್ತ್ರದ ಸಂಶೋಧನೆಗೆ ಸೇರಿದೆ. ಹೇಳಿಕೊಳ್ಳಲು ಸಂಕೋಚವಿಲ್ಲ. ನಾನು ವಿನ್ಯಾಸ ಮಾಡಿದ್ದು ಒಂದು ಕಾಂತೀಯ ಸ್ಪೆಕ್ಟ್ರೋಮೀಟರ್. ನ್ಯೂಕ್ಲಿಯಸ್‌ನಿಂದ ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿಯಾಗಿ ಹೊರಡುತ್ತವೆ. ಮೇಲೊಂದು, ಕೆಳಗೊಂದು ಕಾಯಿಲ್, ಅಂದರೆ ತಂತಿಯ ಸುರುಳಿ, ಇಟ್ಟು ವಿದ್ಯುತ್ ಹರಿಸಿದರೆ ನಡುವಿನ ಕಾಂತಕ್ಷೇತ್ರ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಕಾಯಿಲ್‌ಗಳನ್ನು ಅಪ್ಪನೇ ಸುತ್ತಲಿ ಎಂದು ಲ್ಯಾಬಿನಲ್ಲಿ ಹಟ ಹಿಡಿದು ಒಪ್ಪಿಸಿದೆ.

ಅಪ್ಪ ಕೆಳಗಿನದನ್ನು ಸುತ್ತುವಾಗ ನಾನು ಮರೆತು ಕರೆದುಬಿಟ್ಟೆ.

"ರೆಂಡೊಂದಲ ಪನ್ನೆಂಡು" ಎಂದ, ತಲೆ ಎತ್ತದೆ. ಇನ್ನೂರ ಹನ್ನೆರಡನೆಯ ಸುತ್ತು.

ಲ್ಯಾಬಿನಲ್ಲಿ ಅಳೆದಾಗ ಕೆಳಭಾಗದ ಕ್ಷೇತ್ರ ಸೊರಗಿತ್ತು. ನನ್ನ ನಕ್ಷೆಯನ್ನು ಮತ್ತೆ ನೋಡಲಿಲ್ಲ. ಊರಿಗೆ ಫೋನ್ ಮಾಡಿದೆ.

"ಅಪ್ಪಾ, ಅವತ್ತು ನಾನ್ ಕರ್ದಾಗ ಲೆಕ್ಕ ತಪ್ಪೈತೆ."

"ಇದ್ರೂ ಇರ್ಬೋದು ಕಣಮ್ಮ. ಓದ್ದೋಳು ನೀನೇ ಹೇಳಿದ್ಮೇಲೆ..."

ಬೇರೆ ಕಡೆ ಸುತ್ತಿಸಿದ ಕಾಯಿಲ್ ಹಾಕಿದರೂ ಕ್ಷೇತ್ರ ಹಾಗೆಯೇ ಇತ್ತು. ಆಗ ನಕ್ಷೆ ತೆಗೆದೆ. ಕೆಳಗಿನ ಕಾಯಿಲ್ ಕೂರುವ ಜಾಗವನ್ನು ನಾನೇ ಆರು ಮಿಲಿಮೀಟರ್ ತಗ್ಗಿಗೆ ಬರೆದಿದ್ದೆ. ಸರಿಪಡಿಸಿ ಅಪ್ಪನ ಕಾಯಿಲನ್ನೇ ಮತ್ತೆ ಕೂರಿಸಿದೆ. ಕ್ಷೇತ್ರ ಸರಿಯಾಯಿತು, ಜೋಡಿಗಳು ಸಿಕ್ಕವು.

ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪ ಬೇರಿಂಗುಗಳಿಗೆ ಗ್ರೀಸ್ ಹಚ್ಚುತ್ತ ಕೂತಿದ್ದ. ತಂತಿ ಸುತ್ತುವ ಕೈಚಕ್ರದ ಮೇಲೆ ಗೋಣಿಚೀಲ ಹೊದಿಸಿತ್ತು.

"ನೀ ಫೋನ್ ಮಾಡಿದಾಗಿನಿಂದ ಮುಟ್ಟಿಲ್ಲ" ಎಂದಳು ಅಮ್ಮ. "ವೈಂಡಿಂಗ್ ಬಂದ್ರ ಹಿಂದೂಪುರಕ್ಕ ಕಳಿಸ್ತಾರ."

"ತಪ್ಪು ನಂದಪ್ಪಾ. ನಿನ್ ಲೆಕ್ಕ ಸರಿಗೇ ಇತ್ತು."

ಅಪ್ಪ ನಕ್ಕ. "ನನ್ ಸಮಾಧಾನಕ್ಕೆ ಹೇಳ್ತೀಯ. ಅಷ್ಟು ಓದಿದೀಯ, ನಿನ್ ನಕ್ಷೆ ಎಂಗಮ್ಮ ತಪ್ಪಾತದೆ?"

ಅಳತೆಯ ಕಾಗದ ಮುಂದಿಟ್ಟೆ. ಅದು ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ಗ್ರೀಸ್ ತಾಗದಂತೆ ಬೆರಳ ತುದಿಯಲ್ಲಿ ಹಿಡಿದು, ಗೋಡೆಯ ಮೇಲಿನ ನನ್ನ ಡಿಗ್ರಿ ಫೋಟೋದ ಹಿಂದೆ ಜೋಪಾನವಾಗಿ ಸಿಕ್ಕಿಸಿದ.

ಒಳಗಿನಿಂದ ಅಮ್ಮ ಊಟಕ್ಕೆ ಕರೆದಳು.

"ಬಂದೆ" ಎಂದ, ಒಂದೇ ಕರೆಗೆ.